ಅಡುಗೆಯಮ್ಮನ ಅವರೆಕಾಳು

ಎಪ್ಪತ್ತರ ದಶಕದಲ್ಲಿ ಹುಣಸೂರಿನ ನಮ್ಮ ಹುಡುಗಿಯರ ಹಾಸ್ಟೆಲಿನ ಅಡುಗೆಯಮ್ಮ, ತಟ್ಟೆ ತೊಳೆಯುವಾಗ ಯಾರು ಮುದ್ದೆ ಬಿಟ್ಟಿದ್ದಾರೆಂದು ನೋಡುತ್ತಿದ್ದರು. ಎರಡು ದಿನ ಬಿಟ್ಟವಳನ್ನು, "ಬಾ ಮಗಾ, ವಸಿ ಕೈ ಜೋಡ್ಸು" ಎಂದು ಅಡುಗೆಮನೆಗೆ ಕರೆಯುತ್ತಿದ್ದರು.

ನಾನೋ ಮಳೆ ಬಂದರೂ ಬಾರದಿದ್ದರೂ ಚಿಂತೆ ಮಾಡುವವಳು. ಒಂಬತ್ತನೇ ಕ್ಲಾಸಿನ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತ ಫೇಲಾದೆ. ಹೆಡ್‌ಮಾಸ್ಟರು ಅಪ್ಪನಿಗೆ ಬರಹೇಳಿ ಕಾಗದ ಬರೆದರು. ನನಗೆ ಮುದ್ದೆ ಇಳಿಯಲಿಲ್ಲ.

ಅಡುಗೆಯಮ್ಮ ನೆನೆದ ಅವರೆಕಾಳಿನ ಬೋಗುಣಿಯನ್ನು ನಮ್ಮಿಬ್ಬರ ನಡುವೆ ಇಟ್ಟರು. ಕಾಳು ಹಿಸುಕುತ್ತಾ, ತಲೆ ಎತ್ತದೆ ಕೇಳಿದರು: "ಸತ್ತೋಗಾನ ಅನ್ನಿಸ್ತದಾ ಮಗಾ?"

ಹೂಂ ಅಂದೆ. ಅವರು ಬಯ್ಯಲಿಲ್ಲ, ಗಾಬರಿಬೀಳಲಿಲ್ಲ.

"ಯೋಳಿದ್ದು ಒಳ್ಳೇದಾಯ್ತು ಬುಡು. ವಾರ್ಡನಮ್ಮಂಗೂ ಇಬ್ರೂ ಓಗಿ ಯೋಳಾನ. ಅಪ್ಪ ಬರೋಗಂಟ ನನ್ ಪಕ್ಕದಲ್ಲೇ ಮನೀಕೊ."

ಬೋಗುಣಿ ಮುಗಿಯುವುದೋ ಇಲ್ಲವೋ ಎಂಬ ಹೊಸ ಚಿಂತೆ ನನಗೆ ಅಂಟಿಕೊಂಡಿತು. ದಿನಕ್ಕೊಂದು ಬೋಗುಣಿಯಂತೆ ಮೂರು ಸಂಜೆ ಹಿಸುಕಿದೆ.

ನಾಲ್ಕನೇ ದಿನ ಅಪ್ಪ ಬಂದರು. ನಾನು ಬಾಗಿಲ ಹಿಂದೆ ನಿಂತೆ. ಅಡುಗೆಯಮ್ಮ ಮೊದಲು ಅವರನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದರು. ಆಮೇಲೆ ಕೂರಿಸಿ ಮುದ್ದೆ, ಅವರೆಕಾಳಿನ ಸಾರು ಬಡಿಸಿದರು. "ಉಣ್ಣಿ. ನಿಮ್ ಮಗಳು ಇಸುಕಿದ ಕಾಳು ಕಣ್ರೀ."

ಅಪ್ಪ ಕಣ್ಣೊರೆಸಿಕೊಂಡು ಇನ್ನೊಂದು ಮುದ್ದೆ ಕೇಳಿದರು. ಗಣಿತದ ಮಾತೆತ್ತಲಿಲ್ಲ. ಆ ಸಾರಿನ ಜಂಬ ನನಗಿನ್ನೂ ಇಳಿದಿಲ್ಲ.