ಅಜ್ಜನ ಕಲ್ಲಿಗೆ ಕುಂಕುಮ

ಬಿಸಿಲಿಗೆ ಕಾದ ಕಲ್ಲಿನ ಮೇಲೆ ತೆಂಗಿನಕಾಯಿ ಒಡೆದಾಗ ಏಳುವ ವಾಸನೆ ನಿಮಗೂ ಗೊತ್ತಿರುತ್ತದೆ. ಕಾಯಿನೀರು, ಧೂಳು, ಊದಿನಕಡ್ಡಿ ಎಲ್ಲ ಕೂಡಿದ ವಾಸನೆ. ಅದು ಮೂಗಿಗೆ ಬಡಿದರೆ ಸಾಕು, ನನ್ನ ಮನಸ್ಸು ಧಾರವಾಡದ ನಮ್ಮ ಹಳೆಯ ಮನೆಗೆ ಓಡುತ್ತದೆ. ರಸ್ತೆ ಅಗಲ ಮಾಡುವಾಗ ಆ ಮನೆ ಹೋಯಿತು, ಓಣಿಯ ತಿರುವಿನಲ್ಲಿದ್ದ ಅಜ್ಜನ ಹೆಸರಿನ ಕಲ್ಲೂ ಹೋಯಿತು. ಆ ಮನೆಯಲ್ಲಿ ಬೆಳಗಾಗುತ್ತಿದ್ದದ್ದೇ ಜಗಳದಿಂದ. ಅಜ್ಜ ಲೆಕ್ಕದ ಮಾಸ್ತರ, ಅರ್ಧ ಊರಿಗೆ ಮಗ್ಗಿ ಕಲಿಸಿದವರು. ಗುಡಿಯ ಮೆಟ್ಟಿಲು ಮಾತ್ರ ತುಳಿದವರಲ್ಲ. ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಅವಳೋ ದೇವರ ಜಗಲಿಯ ಮುಂದೆ ಕೂತರೆ ಇಡೀ ಓಣಿ ಏಳುವಂತೆ ಗಂಟೆ ಬಾರಿಸುವವಳು. "ನಿನ್ನ ದೇವರಿಗೆ ಕಿವಿ ಮಂದ ಏನ?" ಎಂದು ಅಜ್ಜ ಪಡಸಾಲೆಯಿಂದ ಕೂಗುತ್ತಿದ್ದರು. "ದೇವರಿಗಲ್ರಿ, ನಿಮಗ ಕೇಳ್ಲಿ ಅಂತ ಬಾರಸ್ತೇನಿ!" ಎಂದು ಆಯಿ ಇನ್ನಷ್ಟು ಜೋರಾಗಿ ಬಾರಿಸುತ್ತಿದ್ದಳು. ಪೂಜೆ ಮುಗಿಸಿ ಅವಳು ಕೊಟ್ಟ ಬಾಳೆಹಣ್ಣನ್ನು ಅಜ್ಜ ಬೇಡ ಎಂದವರಲ್ಲ. "ಪ್ರಸಾದ ಅಲ್ಲ ಮತ್ತ, ಬರೇ ಹಣ್ಣು ತಿನ್ನಾಕತ್ತೇನಿ" ಎಂದು ಸುಲಿದು ತಿನ್ನುತ್ತಿದ್ದರು. ಆಯಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು.

ಅಜ್ಜ ತೀರಿಕೊಂಡ ಮೇಲೆ ಮನೆ ಬಿಕೋ ಎಂದಿತು. ಆಯಿ ಗಂಟೆಯನ್ನು ಎರಡು ಸಲ ಅಲ್ಲಾಡಿಸಿ ಕೆಳಗಿಡುತ್ತಿದ್ದಳು. ಅವಳಿಗೆ ಬೈಯುವವರಿಲ್ಲವಲ್ಲ ಎಂದು ನನಗೆ ಅಳು ಬರುತ್ತಿತ್ತು. ವರುಷದೊಳಗೆ ಅಜ್ಜನ ಹಳೆಯ ವಿದ್ಯಾರ್ಥಿಗಳು ಕೂಡಿ ಓಣಿಯ ತಿರುವಿನಲ್ಲಿ ಒಂದು ಕರಿಕಲ್ಲು ನೆಟ್ಟರು. ಅದರ ಮೇಲೆ ಅಜ್ಜನ ಹೆಸರು, ಕೆಳಗೆ 'ಗಣಿತ ಶಿಕ್ಷಕರು, ಇದೇ ಓಣಿಯಲ್ಲಿ ಬಾಳಿದವರು' ಎಂಬ ಸಾಲು. ಮಾರ್ಚ್ ಬಂತು, ಪರೀಕ್ಷೆ ಬಂತು. ಯಾರೋ ಹುಡುಗಿ ಆ ಕಲ್ಲು ಮುಟ್ಟಿ ನಮಸ್ಕಾರ ಮಾಡಿ ಹೋದಳಂತೆ, ಅವಳಿಗೆ ಲೆಕ್ಕದ ಪೇಪರು ಛಲೋ ಹೋಯಿತಂತೆ. ತಗೊಳ್ಳಿ, ಮರುದಿನದಿಂದ ಕಲ್ಲಿನ ಮುಂದೆ ಹುಡುಗರ ಪಾಳಿ! ಕಲ್ಲಿನ ಪಕ್ಕ ಕಾಯಿಪಲ್ಲೆ ಮಾರುವ ಯಲ್ಲವ್ವ ಭಕ್ತಿಯಿಂದ ಎಣ್ಣೆ ಸವರಿ ಕುಂಕುಮ ಹಚ್ಚಿದಳು. ಆಮೇಲೆ ಕಾಯಿ, ಕರ್ಪೂರ, ಚೆಂಡುಹೂವಿನ ಮಾಲೆ. ಲೆಕ್ಕದಲ್ಲಿ ದಡ್ಡಿಯಾಗಿದ್ದ ನಾನೂ ಒಂದು ದಾಸವಾಳ ಏರಿಸಿ ಬಂದೆ. ಕುಂಕುಮದಡಿ ಅಜ್ಜನ ಹೆಸರೇ ಮುಚ್ಚಿಹೋಯಿತು. ಮೊಣಕಾಲು ನೋವಿನ ಆಯಿ ಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ, ಅವಳಿಗೆ ಇದೊಂದೂ ಗೊತ್ತಿರಲಿಲ್ಲ. ಗೊತ್ತಾದರೆ ಹಿಗ್ಗಿಯಾಳು ಎಂದೇ ನಾವೆಲ್ಲ ಅಂದುಕೊಂಡಿದ್ದೆವು.

ಒಂದು ಮುಂಜಾನೆ ಯಲ್ಲವ್ವನೇ ಕಾಯಿಹೋಳು ಹಿಡಿದು ಮನೆಗೆ ಬಂದಳು. "ಆಯೀ, ನಿಮ್ಮ ಯಜಮಾನರು ಭಾಳ ಜಾಗೃತ ದೇವರು ನೋಡ್ರಿ! ಪುಣ್ಯಾ ಮಾಡೀರಿ ನೀವು" ಎಂದಳು. ಆಯಿಯ ಮುಖ ಸಣ್ಣದಾಯಿತು. ಎದ್ದು ಒಂದು ಚರಿಗೆ ನೀರು, ಒಂದು ಹಿಡಿ ಸೀಗೆಪುಡಿ ತೆಗೆದುಕೊಂಡು, ನನ್ನ ಭುಜ ಹಿಡಿದು ತಿರುವಿನತನಕ ನಡೆದಳು. ಕಲ್ಲಿನ ಮುಂದೆ ಕುಕ್ಕರಿಸಿ ಕೂತು, ಮಾಲೆ ತೆಗೆದಿಟ್ಟು, ಗಸಗಸ ತಿಕ್ಕತೊಡಗಿದಳು.

"ಅಯ್ಯ ಶಿವನ! ದೇವರ ಕುಂಕುಮಾ ಅಳಸಬ್ಯಾಡ್ರಿ, ಕೆಡಕ ಆಕ್ಕೈತಿ!" ಎಂದು ಹಿಂದೆಯೇ ಬಂದ ಯಲ್ಲವ್ವ ಎದೆ ಹಿಡಿದುಕೊಂಡಳು.

"ದೇವರು ನನ್ನ ಜಗಲಿ ಮ್ಯಾಲ ಬೇಕಾದಷ್ಟು ಅದಾವ ತಂಗಿ, ಒಂದರ ತಿರುಗಿ ಮಾತಾಡ್ತಾವೇನು?" ಎಂದಳು ಆಯಿ, ತಿಕ್ಕುವುದನ್ನು ಬಿಡದೆ. "ಗಂಡ ಒಬ್ಬರ ಇದ್ರು. ಅವರನ್ನೂ ದೇವರು ಮಾಡಿಟ್ರ, ನಾ ಯಾರ ಕೂಡ ಜಗಳಾ ಆಡ್ಲಿ?"

ಯಲ್ಲವ್ವ ತಾನೇ ತನ್ನ ಕಾಯಿಪಲ್ಲೆ ಬುಟ್ಟಿಯ ಪಕ್ಕದ ಕೊಡದಿಂದ ನೀರು ಸುರಿದಳು. ಒಂದೊಂದೇ ಅಕ್ಷರವಾಗಿ ಅಜ್ಜನ ಹೆಸರು ಹೊರಗೆ ಬಂತು. ಅಜ್ಜ ಹೋದಂದಿನಿಂದ ಕುಂಕುಮ ಮುಟ್ಟದಿದ್ದ ಆಯಿಯ ಎರಡೂ ಅಂಗೈ ಕೆಂಪಾಗಿದ್ದವು. ಅವನ್ನು ಅವಳು ಒರೆಸಿಕೊಳ್ಳಲಿಲ್ಲ. ಕಲ್ಲಿನ ಹತ್ತಿರ ಬಾಗಿ, ಓಣಿಗೆಲ್ಲ ಕೇಳುವ ಆ ಹಳೆಯ ದನಿಯಲ್ಲಿ, "ನೋಡ್ರಿ, ನಿಮ್ಮ ಮಾರಿ ತೊಳದೇನಿ. ಈಗರ ಬೈರಿ ನನ್ನ" ಎಂದಳು.

ಮತ್ತೆ ತುಸು ಹೊತ್ತು ಕಾದಳು.