ದೋಣಿಯ ಟಯರೂ ನನ್ನ ಎಡಗೈಯೂ

ಯಾವುದಾದರೂ ಗಾಡಿ ಹಿಂದಕ್ಕೆ ಬರುತ್ತಿರುವುದನ್ನು ಕಂಡರೆ ನನಗೆ ಬಾಯಿ ಮುಚ್ಚಿಕೊಂಡು ನಿಲ್ಲಲು ಆಗುವುದಿಲ್ಲ. ಇದು ಅಪ್ಪನಿಂದ ಬಂದ ರೋಗ. ಅವರು ಮೈಸೂರಿನಲ್ಲಿ ಬಸ್ ಕಂಡಕ್ಟರಾಗಿದ್ದರು. ಬಸ್ಸಿನ ಬೆನ್ನಿಗೆ ಅಂಗೈಯಿಂದ ದಬದಬ ಬಡಿಯುತ್ತಾ “ಬರ್ಲೀ, ಬರ್ಲೀ, ಬರ್ಲೀ... ಹೋಲ್ಡಾನ್!” ಎಂದು ಅವರು ಕೂಗಿದರೆ ಅಷ್ಟು ದೊಡ್ಡ ಬಸ್ಸು ಗೋಡೆಗೆ ಒಂದು ಗೇಣು ಬಿಟ್ಟು ತೆಪ್ಪಗೆ ನಿಲ್ಲುತ್ತಿತ್ತು. ಅಂಗೈ ತೋರಿಸಿದರೆ ಎಂಥ ಯಂತ್ರವೂ ಮಾತು ಕೇಳುತ್ತದೆ ಎಂಬ ನಂಬಿಕೆ ನನಗೆ ಬಂದದ್ದು ಅಲ್ಲಿಂದ. ಈಗ ಸಿಂಗಪುರದ ಬುಕಿತ್ ಬಾಟೋಕ್‌ನಲ್ಲಿ ನಮ್ಮ ಫ್ಲ್ಯಾಟಿರುವ ಬ್ಲಾಕಿನ ಕೆಳಗೆ ಕುಂಯ್ ಕುಂಯ್ ಎಂದು ತಾವೇ ಎಚ್ಚರಿಕೆ ಕೊಟ್ಟುಕೊಳ್ಳುವ ಕಾರುಗಳಿಗೂ ನಾನು ಕೈಯಾಡಿಸಿ ದಾರಿ ತೋರಿಸಿದ್ದೇನೆ. ಯಾರೂ ಕೇಳಿರಲಿಲ್ಲ. “ನೀನ್ ಬಾರೇ ಸಾಕು, ಅವ್ರ ಕಾರಲ್ಲಿ ಕ್ಯಾಮೆರಾ ಇದೆ” ಎಂದು ನನ್ನ ಗಂಡ ಮುರಳಿ ಹತ್ತು ಹೆಜ್ಜೆ ದೂರ ನಿಂತು, ನನಗೂ ತನಗೂ ಸಂಬಂಧವೇ ಇಲ್ಲದವರ ಹಾಗೆ ಹೇಳುತ್ತಾರೆ.

ನಾನು ಮಕ್ಕಳಿಗೆ ವೀಣೆ ಕಲಿಸುತ್ತೇನೆ. ಸಿಂಗಪುರಕ್ಕೆ ಬಂದ ಮೇಲೆ ಹನ್ನೊಂದು ವರ್ಷ ಬರೀ ಸರಳೆ, ಜಂಟಿ ವರಸೆಗಳನ್ನೇ ಹೇಳಿಕೊಡುತ್ತಾ, ನಾನೂ ಒಂದು ಕಾಲಕ್ಕೆ ವೇದಿಕೆ ಹತ್ತುತ್ತಿದ್ದೆ ಎನ್ನುವುದು ನನಗೇ ಮರೆತುಹೋಗಿತ್ತು. ಹಾಗಿರುವಾಗ 2015ರ ನವರಾತ್ರಿಗೆ ಒಂದು ಕಚೇರಿ ಒದಗಿ ಬಂತು. ಪೂರ್ತಿ ಎರಡು ಗಂಟೆಯ ಕಚೇರಿ! ಮನೆಯಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. ವೀಣೆಯವರ ಆಸ್ತಿಯೆಂದರೆ ಎಡಗೈಯ ಎರಡು ಬೆರಳು, ತೋರುಬೆರಳು ಮತ್ತು ನಡುಬೆರಳು. “ಕಚೇರಿ ಮುಗಿಯೋ ತನಕ ನೀನ್ ಚಾಕು ಮುಟ್ಟಂಗಿಲ್ಲ” ಎಂದು ಮುರಳಿ ಅಡುಗೆಮನೆಯನ್ನು ವಶಪಡಿಸಿಕೊಂಡರು. ಅವರು ಹೆಚ್ಚಿದ ಹುರುಳಿಕಾಯಿ ಪೆನ್ಸಿಲ್ಲಿನಷ್ಟು ಉದ್ದ ಇರುತ್ತಿತ್ತು. ತೆಂಗಿನಕಾಯಿ ತುರಿಯುವುದು ನಿಂತಿತು, ಇಸ್ತ್ರಿಪೆಟ್ಟಿಗೆ ಬೀರು ಸೇರಿತು. ನಾನೂ ಮಹಾರಾಣಿಯಂತೆ ಕೂತು, ಬೇಯದ ಹುಳಿಯನ್ನು ಹೊಗಳುತ್ತಾ ಉಂಡೆ.

ಇಷ್ಟೆಲ್ಲ ಜೋಪಾನ ಮಾಡಿದ ಕೈಯನ್ನು ನಾನು ತೆಗೆದುಕೊಂಡು ಹೋಗಿ ಎಲ್ಲಿಟ್ಟೆ, ಕೇಳಿ.

ಕಚೇರಿಗೆ ಎರಡು ವಾರವಿದ್ದಾಗ ನನ್ನ ಶಿಷ್ಯರ ಮನೆಯವರೆಲ್ಲ ಸೇರಿ ಚಾಂಗಿಯ ದೋಣಿಕಟ್ಟೆಯಿಂದ ಪುಲಾವ್ ಉಬಿನ್ ದ್ವೀಪಕ್ಕೆ ಹೊರಟೆವು. ಅಲ್ಲಿಗೆ ಹೋಗುವುದು ಹಳೆಯ ಮರದ ದೋಣಿಗಳಲ್ಲಿ. ಹನ್ನೆರಡು ಜನ ಸೇರಿದರೆ ಒಂದು ದೋಣಿ. ದೋಣಿಯ ಎರಡೂ ಪಕ್ಕಕ್ಕೆ ಸವೆದ ಟಯರುಗಳನ್ನು ಹಗ್ಗದಿಂದ ನೇತುಹಾಕಿರುತ್ತಾರೆ. ಸಮುದ್ರದ ಮೇಲೆ ಹೋಗುವುದಕ್ಕೆ ಚಕ್ರ ಯಾಕೋ ಎಂದು ನಾನು ತಮಾಷೆ ಮಾಡಿದ್ದೂ ಉಂಟು. ನಮ್ಮ ದೋಣಿ ನಡೆಸುತ್ತಿದ್ದವರು ಎಪ್ಪತ್ತು ದಾಟಿದ ಚೀನೀ ಅಂಕಲ್. ಒಣಕಲು ಮೈ, ಹುಲ್ಲಿನ ಟೋಪಿ, ಮಾತು ಕಡಿಮೆ.

ದ್ವೀಪದ ದೋಣಿಕಟ್ಟೆ ಹತ್ತಿರವಾಯಿತು. ಅಂಕಲ್ ಎಂಜಿನ್ ತಗ್ಗಿಸಿ, ಹಗ್ಗ ಹಿಡಿದು ನಮ್ಮ ಪಕ್ಕಕ್ಕೇ ಬಂದು ನಿಂತರು. ದೋಣಿ ಓರೆಯಾಗಿ ಕಟ್ಟೆಯ ಕಾಂಕ್ರೀಟ್ ಗೋಡೆಯ ಕಡೆಗೆ ಸರಿಯತೊಡಗಿತು. ಬಲಗೈಯಲ್ಲಿ ಪುಳಿಯೋಗರೆಯ ಡಬ್ಬಿ ಇತ್ತು, ಅದನ್ನು ಭದ್ರವಾಗಿ ಎದೆಗವಚಿಕೊಂಡೆ. ಖಾಲಿ ಇದ್ದ ಎಡಗೈಯನ್ನು ಹೊರಗೆ ಚಾಚಿ, ಬರುತ್ತಿರುವ ಗೋಡೆಗೆ ಅಂಗೈ ತೋರಿಸಿ, “ಬರ್ಲೀ, ಬರ್ಲೀ...” ಎಂದೆ. ದೇವರಾಣೆ, ಯೋಚನೆ ಮಾಡಿ ಮಾಡಿದ್ದಲ್ಲ. ಟನ್ನುಗಟ್ಟಲೆ ತೂಕದ ದೋಣಿಯನ್ನು ನನ್ನ ಅಂಗೈ ತಡೆದು ನಿಲ್ಲಿಸುತ್ತದೆ ಎಂದೇ ಆ ಗಳಿಗೆಯಲ್ಲಿ ನಂಬಿದ್ದೆ.

“ಹ್ಯಾಂಡ್ ಇನ್‌ಸೈಡ್!” ಎಂಬ ಅಂಕಲ್ ಕೂಗೂ ಮಣಿಕಟ್ಟಿನ ಮೇಲೆ ಛಟೀರೆಂದು ಏಟೂ ಒಟ್ಟಿಗೇ ಬಿದ್ದವು. ಕೈ ತಾನಾಗಿ ಒಳಕ್ಕೆ ಬಂತು. ಮರುಕ್ಷಣ ದೋಣಿ ಕಟ್ಟೆಗೆ ಧಡ್ ಎಂದು ಬಡಿಯಿತು. ನನ್ನ ಕೈ ಇದ್ದ ಜಾಗದಲ್ಲೇ ಒಂದು ಟಯರು ಕೀರ್ ಎಂದು ಅಪ್ಪಚ್ಚಿಯಾಗಿ, ಮತ್ತೆ ಉಬ್ಬಿ, ಏನೂ ಆಗಿಲ್ಲವೆಂಬಂತೆ ತೂಗಾಡಿತು.

“ಅಂಕಲ್, ಯು ಹಿಟ್ ಆಂಟಿ ಲಾ!” ಎಂದು ನನ್ನ ಎಂಟು ವರ್ಷದ ಶಿಷ್ಯೆ ಅದಿತಿ ಇಡೀ ದ್ವೀಪಕ್ಕೆ ಸಾರಿದಳು. ಎಲ್ಲರೂ ತಿರುಗಿ ನೋಡಿದರು. ಮುರಳಿಯ ಮುಖ ಕೆಂಪಾಯಿತು. ಅವರು ಹಿಂದೆ ಕೂತಿದ್ದವರು, ಕಂಡದ್ದು ಏಟು ಮಾತ್ರ. ಅಂಕಲ್ ತಮ್ಮ ಪಾಡಿಗೆ ಹಗ್ಗ ಕಟ್ಟಿದರು.

“ಕೈ ಹಿಡಿದು ಎಳೀಬಹುದಿತ್ತು, ಹೊಡೆಯೋದಾ? ಅದೂ ಈ ಕೈಗೆ? ನಾನ್ ಬಿಡಲ್ಲ, ಕಂಪ್ಲೇಂಟ್ ಮಾಡ್ತೀನಿ” ಎಂದು ಮುರಳಿ ಮರದ ಕೆಳಗೆ ಕೂತು ಫೋನಿನಲ್ಲಿ ಕುಟ್ಟತೊಡಗಿದರು. ನನ್ನದೇ ತಪ್ಪು ಎಂದೆ. ಕೇಳಲಿಲ್ಲ. ಅವರು ಬ್ಯಾಂಕಿನಲ್ಲಿ ಆಡಿಟ್ ಮಾಡುವವರು; ಆಧಾರವಿಲ್ಲದೆ ಅರ್ಜಿ ಬರೆದರೆ ಅವರಿಗೆ ಅನ್ನ ಸೇರುವುದಿಲ್ಲ. ದೋಣಿ ದಡ ಸೇರಿಸುವ ನಿಯಮ ಹುಡುಕುತ್ತಾ ಹೋಗಿ ಇಂಗ್ಲೆಂಡಿನ ಕಾಲುವೆಗಳಲ್ಲಿ ಓಡಾಡುವ, ರೈಲು ಡಬ್ಬಿಯಂಥ ಉದ್ದನೆಯ, ಅಗಲ ಕಡಿಮೆಯ ದೋಣಿಗಳ ವಿಷಯಕ್ಕೆ ಇಳಿದರು. ಅವುಗಳ ಮೂತಿಗೆ ಹಗ್ಗ ಹೆಣೆದ ದಪ್ಪ ಉಂಡೆ ಕಟ್ಟಿರುತ್ತಾರಂತೆ. ದಡದಲ್ಲಿ ನಿಲ್ಲಿಸುವಾಗ ಪಕ್ಕದಲ್ಲೂ ಮೆತ್ತೆ ಇಳಿಬಿಡುತ್ತಾರಂತೆ; ಕಾಲುವೆಯ ನೀರಿನ ಮಟ್ಟ ಏರಿಳಿಸುವ ಇಕ್ಕಟ್ಟಾದ ಬಾಗಿಲು ದಾಟುವಾಗ ಸಿಕ್ಕಿಕೊಳ್ಳದಿರಲೆಂದು ಮೇಲೆತ್ತುತ್ತಾರಂತೆ. ಓದುತ್ತಾ ಓದುತ್ತಾ ಅವರ ಕುಟ್ಟುವ ವೇಗ ಇಳಿಯಿತು. ಕೊನೆಗೆ ಫೋನು ಕೆಳಗಿಟ್ಟು ಪುಳಿಯೋಗರೆಗೆ ಕೈ ಹಾಕಿದರು.

“ಏನಾಯ್ತು ಕಂಪ್ಲೇಂಟು?” ಎಂದೆ.

“ಎಲ್ಲಾ ಕಡೆ ಒಂದೇ ರೂಲ್ ಕಣೇ. ದೋಣಿ ಬಡಿಯೋದಾದ್ರೆ ಬಡೀಲಿ ಬಿಡಿ, ನಡುವೆ ಕೈ ಕಾಲು ಮಾತ್ರ ತರಬೇಡಿ ಅಂತ” ಎಂದವರು, ಸ್ವಲ್ಪ ಹೊತ್ತು ಅಗಿದು, ನನ್ನ ಎಡಗೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಬೆರಳು ಒಂದೊಂದಾಗಿ ಮುಟ್ಟಿ ನೋಡಿದರು. ಅವರ ಕಣ್ಣು ಒದ್ದೆಯಾಗಿತ್ತು. ಪುಳಿಯೋಗರೆ ಖಾರ ಎಂದರು.

ನಾನು ಆ ಟಯರನ್ನೇ ಯೋಚಿಸುತ್ತಿದ್ದೆ. ನಮ್ಮ ಅಜ್ಜಿಯ ತಲೆಗೂ ಕೊಡಕ್ಕೂ ನಡುವೆ ಒಂದು ಸಿಂಬೆ ಇರುತ್ತಿತ್ತು. ಹಳೇ ಸೀರೆಯ ತುಂಡು ಸುತ್ತಿದ್ದು, ಅಷ್ಟೆ. ಕೊಡಕ್ಕೆ ಹುಣಿಸೆಹಣ್ಣು ಹಚ್ಚಿ ಬೆಳಗುತ್ತಿದ್ದರು, ತಲೆಗೆ ಎಣ್ಣೆ ಹಾಕಿ ಬಾಚುತ್ತಿದ್ದರು, ಸಿಂಬೆಯನ್ನು ಮಾತ್ರ ಮೂಲೆಗೆ ಎಸೆಯುತ್ತಿದ್ದರು. ಎರಡು ಗಟ್ಟಿ ವಸ್ತುಗಳ ನಡುವೆ ಕೂತು ಪೆಟ್ಟು ತಿನ್ನುವವರ ಹಣೆಬರಹವೇ ಅಷ್ಟು. ಹದಿನೈದು ದಿನದಿಂದ ಹುರುಳಿಕಾಯಿ ಹೆಚ್ಚುತ್ತಿರುವ ನನ್ನ ಗಂಡನಿಗೆ ನಾನು ಒಮ್ಮೆಯಾದರೂ ಥ್ಯಾಂಕ್ಸ್ ಹೇಳಿದ್ದೆನೇ? ಹೇಳಿರಲಿಲ್ಲ. ಅಲ್ಲೇ ಹೇಳಿದೆ. “ಇನ್ನೂ ಉದ್ದಕ್ಕೆ ಹೆಚ್ಲಾ?” ಎಂದರು.

ಕಚೇರಿ ಆಯಿತು, ಒಂದೆರಡು ಕಡೆ ತಡವರಿಸಿದರೂ ಚೆನ್ನಾಗಿಯೇ ಆಯಿತು. ಆದರೆ ನನಗೆ ಅದಕ್ಕಿಂತ ನೆನಪಿರುವುದು ದ್ವೀಪಕ್ಕೆ ಹೋದ ಆ ದಿನ ಸಂಜೆ ನಾವು ವಾಪಸು ಹೊರಟ ಹೊತ್ತು.

ಕಟ್ಟೆಯ ಅಂಚಿನಲ್ಲಿ ಅದೇ ಅಂಕಲ್ ನಿಂತಿದ್ದರು. ತಮ್ಮ ಸರದಿಯನ್ನು ಎರಡು ಸಲ ಬೇರೆ ದೋಣಿಗೆ ಬಿಟ್ಟುಕೊಟ್ಟು ನಮಗಾಗಿಯೇ ಕಾದಿದ್ದರಂತೆ. ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡಿದ್ದರು, ಕೈಯಲ್ಲಿ ನೋವಿನೆಣ್ಣೆಯ ಪುಟ್ಟ ಶೀಶೆ. ಮುರಳಿಯ ಮುಖವನ್ನೊಮ್ಮೆ ಅಳುಕಿನಿಂದ ನೋಡಿ, ಶೀಶೆಯನ್ನು ನನ್ನ ಕಡೆ ಚಾಚಿದರು.

“ಮೇಡಮ್, ಸಾರಿ ಆಹ್. ಐ ಬೀಟ್ ಯು. ನೋ ಟೈಮ್ ಟು ಟಾಕ್. ಟಯರ್ ಸ್ಪಾಯಿಲ್, ಕ್ಯಾನ್ ಚೇಂಜ್. ಫಿಂಗರ್ ಸ್ಪಾಯಿಲ್, ಹೌ?” ಆಮೇಲೆ ದನಿ ತಗ್ಗಿಸಿ, “ಡೋಂಟ್ ಕಂಪ್ಲೇನ್, ಕ್ಯಾನ್?” ಎಂದರು.

ನನ್ನ ಬೆರಳು ಉಳಿಸಿದ ಆ ಜೀವ ಬೆಳಗಿನಿಂದ ಹೆದರಿಕೊಂಡು ಕೂತಿತ್ತು. ಹೊಡೆದ ತಪ್ಪಿಗೆ ನನ್ನ ಹತ್ತಿರ ಕ್ಷಮೆ ಕೇಳುತ್ತಿತ್ತು. ಬೇರೇನೂ ತೋಚದೆ ಅವರ ಕಾಲು ಮುಟ್ಟಿ ನಮಸ್ಕಾರ ಮಾಡೋಣವೆಂದು ತಟ್ಟನೆ ಬಗ್ಗಿದೆ.

“ಐಯೋ! ಅಗೇನ್ ಆಹ್?” ಎಂದು ಕಿರುಚಿ ಅವರು ಶೀಶೆ, ಟೋಪಿ ಎರಡನ್ನೂ ಬಿಸಾಕಿ ನನ್ನ ಎರಡೂ ಭುಜಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ನಾನು ನೀರಿಗೆ ಬೀಳುತ್ತಿದ್ದೇನೆ ಎಂದೇ ಅವರು ತಿಳಿದದ್ದು. ಎಲ್ಲರೂ ನಕ್ಕರು, ನಾನೂ ಅಳುತ್ತಳುತ್ತಲೇ ನಕ್ಕೆ. ನಮಸ್ಕಾರ ಅರ್ಧಕ್ಕೇ ನಿಂತಿತು. ಕಾಪಾಡಿ ಅಭ್ಯಾಸವಾದ ಕೈಗಳಿಗೆ ನಮಸ್ಕಾರ ತೆಗೆದುಕೊಳ್ಳಲು ಪುರುಸೊತ್ತಾದರೂ ಎಲ್ಲಿರುತ್ತದೆ?