ನಲವತ್ತೊಂದನೆಯ ಬುತ್ತಿ

ನವೆಂಬರಿನ ಮುಂಜಾನೆ. ಅಮೆರಿಕದ ಕೇಟಿ ಊರಿನಾಚೆಯ ಬಯಲಿನಲ್ಲಿ ಹತ್ತು ಹೆಜ್ಜೆ ಆಚೆಗಿನ ಡೇರೆಯೂ ಕಾಣದಷ್ಟು ಮಂಜು. ಅರವತ್ತೆರಡರ ಶಿವಬಸವ್ವ ತಲೆ ತಗ್ಗಿಸಿ ಕೂತು ಬುತ್ತಿ ಹಂಚುತ್ತಿದ್ದಾರೆ. ಒಂದು ಕೈ ಚಾಚಿದರೆ ಒಂದು ಗಂಟು. ಒಂದು ಗಂಟು ಹೋದರೆ ಗಡಿಗೆಯಿಂದ ಒಂದು ಹುಣಸೆಬೀಜ ಹೊರಗೆ.

ಬುತ್ತಿ ಪಡೆಯುವವರು ನಾಲ್ಕು ಶತಮಾನದ ಹಿಂದಿನ ಯುರೋಪಿನ ಯುದ್ಧವನ್ನು ವರ್ಷಕ್ಕೊಮ್ಮೆ ಆಡಿ ತೋರಿಸುವ ಹವ್ಯಾಸಿಗಳು. ಈಟಿ, ಕೋವಿ, ನಗಾರಿ ಎಲ್ಲ ಆ ಕಾಲದ್ದೇ. ಐಸ್ ಪೆಟ್ಟಿಗೆಗೆ ಪ್ರವೇಶವಿಲ್ಲ. ಕೆಡದ ಊಟ ಹುಡುಕುತ್ತಿದ್ದ ಅವರ ದಳಪತಿ ಡೇಲ್‌ಗೆ, ಆಫೀಸಿನ ಗೆಳೆಯ ವಿನಾಯಕನ ಡಬ್ಬಿಯಲ್ಲಿ ಸಿಕ್ಕಿದ್ದು ಅವನ ತಾಯಿಯ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಐದು ವರ್ಷದಿಂದ ಈ ದಂಡಿನ ಹೊಟ್ಟೆ ವಿಜಯಪುರದಿಂದ ಬಂದು ಮಗನ ಮನೆಯಲ್ಲಿರುವ ಶಿವಬಸವ್ವನವರ ಹೊಣೆ. ಎಂಟು ದಿನ ಬಡಿದರೆ ಸುಮಾರು ಇನ್ನೂರೈವತ್ತು ರೊಟ್ಟಿ, ಅದೂ ಗ್ಯಾರೇಜಿನಲ್ಲಿ. ಅಡುಗೆಮನೆಯಲ್ಲಾದರೆ ಹೊಗೆಗೆ ಅಲಾರಂ ಬೊಬ್ಬೆ ಹೊಡೆಯುತ್ತದೆ.

ಆದಿಲಶಾಹಿ ದಂಡಿಗೆ ಬುತ್ತಿ ಒದಗಿಸಿದ ಮನೆತನ ತಮ್ಮದೆಂಬುದು ಅವರ ಮನೆಯಲ್ಲಿ ನಡೆದುಬಂದ ಮಾತು. ಪದ್ಧತಿಯೂ ಅಲ್ಲಿಂದಲೇ ಬಂದದ್ದು. "ಕೊಡೋವಾಗ ಮಾರಿ ನೋಡಬಾರದ್ರಿ, ಕೈ ಅಷ್ಟ ನೋಡಬೇಕು. ಮಾರಿ ನೋಡಿದ್ರ ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮಿ ಆಗ್ತದ."

ಹೋದ ವರ್ಷ ಎಡವಟ್ಟಾದದ್ದು ಇದರಿಂದಲೇ. ಹೆಸರು ಕೊಟ್ಟವರು ನಲವತ್ತೊಂದು ಮಂದಿ, ಬೀಜ ನಲವತ್ತೊಂದು, ಗಡಿಗೆ ಖಾಲಿಯಾಯಿತು. ಕೊನೆಗೆ ಬಂದದ್ದು ಕಿರುಬೆರಳು ಅರ್ಧವೇ ಇದ್ದ ಕೈ, ನಗಾರಿ ಬಡಿಯುವ ವಾಲ್ಟರ್‌ನದು. ಮಧ್ಯಾಹ್ನ ಡೇಲ್ ಸುದ್ದಿ ತಂದ: ವಾಲ್ಟರ್ ಬಯಲು ಮುಟ್ಟಲೇ ಇಲ್ಲ, ನಸುಕಿನಲ್ಲೇ ಹೆದ್ದಾರಿಯಲ್ಲಿ ಕಾರು ಮಗುಚಿ ತೀರಿಕೊಂಡಿದ್ದಾನೆ. "ಕೈ ತಣ್ಣಗಿತ್ರಿ. ಥಂಡಿಗೆ ಅಂತ ತಿಳಕೊಂಡೆ," ಎನ್ನುವಾಗ ಶಿವಬಸವ್ವನವರ ದನಿ ಸಣ್ಣದಾಗುತ್ತದೆ.

ಈ ವರ್ಷ ಡೇಲ್ ಕೊಟ್ಟ ಲೆಕ್ಕ ನಲವತ್ತು. ಶಿವಬಸವ್ವ ಕಟ್ಟಿದ್ದು ನಲವತ್ತೊಂದು. "ಬ್ಯಾಡ್ರಿ ಅತ್ತಿ, ನನಗ ಅಂಜಿಕಿ ಬರ್ತದ," ಎಂದು ಸೊಸೆ ನೇಹಾ ಡ್ರೈವ್ ಮಾಡುತ್ತಲೇ ಗೋಗರೆದಿದ್ದಾಳೆ. ಅಂಜಿಕೆ ಅತ್ತೆಗೂ ಇದೆ. ಆದರೆ ತಾವು ಬುತ್ತಿ ಕೊಡುವ ದಂಡಿನಲ್ಲಿ ಒಬ್ಬ ಹಸಿದು ಹೋದನೆಂದರೆ ಅವರಿಂದ ತಡೆದುಕೊಳ್ಳಲಾಗದು.

ನಲವತ್ತು ಕೈ ಬಂದು ಹೋಗಿವೆ. ಗಡಿಗೆಯಲ್ಲಿ ಉಳಿದಿರುವುದು ಒಂದೇ ಬೀಜ. ಡೇರೆಗಳ ಕಡೆಯಿಂದ ರೊಟ್ಟಿ ಮುರಿಯುವ ಸದ್ದು ಕೇಳುತ್ತಿದೆ. ಹುಲ್ಲಿನ ಮೇಲೆ ಹೆಜ್ಜೆಯ ಸದ್ದು ಮಾತ್ರ ಇಲ್ಲ, ಆದರೂ ಮಂಜಿನೊಳಗಿಂದ ಕೈಯೊಂದು ಚಾಚುತ್ತದೆ. ಕಿರುಬೆರಳು ಅರ್ಧವೇ ಇದೆ.

ನೇಹಾ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಶಿವಬಸವ್ವ ತಲೆ ಎತ್ತುವುದಿಲ್ಲ. ಗಂಟು ಕೊಟ್ಟು, ಅದರ ಮೇಲೆ ತಮ್ಮ ಪಾಲಿನದೊಂದು ರೊಟ್ಟಿ ಇಡುತ್ತಾರೆ. ಆಮೇಲೆ ಕೊನೆಯ ಬೀಜ ತೆಗೆದು ಸೆರಗಿಗೆ ಕಟ್ಟಿಕೊಳ್ಳುತ್ತಾರೆ.

"ಪದ್ಧತಿ ಮುರದೆ, ಖರೇ," ಎನ್ನುತ್ತಾರೆ, ಬೆರಳು ಉಜ್ಜಿಕೊಂಡು ಬೆಚ್ಚಗೆ ಮಾಡಿಕೊಳ್ಳುತ್ತ. "ಒಂದು ರೊಟ್ಟಿ ಹೆಚ್ಚು ಕೊಟ್ಟೆ. ಅವಗ ಭಾಳ ದೂರ ಹೋಗೋದದ್ರಿ."